ಹರಡದ ಕಪ್ಪು

ನಮ್ಮ ಮನೆಯಲ್ಲಿ ಜಗಳಕ್ಕೂ ಒಂದು ಹೊತ್ತು ಇತ್ತು. ಮಾನಂದವಾಡಿಯ ಹತ್ತಿರ, ಮಲಯಾಳದ ನಾಡಿನಲ್ಲಿ ಕನ್ನಡ ಮಾತಾಡುವ ಜೈನರ ಮನೆ, ಸೂರ್ಯ ಮುಳುಗುವ ಮುಂಚೆ ಉಂಡು ಏಳಬೇಕು. ಉಂಡ ಮೇಲೆ ಯಾರೂ ದನಿ ಎತ್ತಬಾರದು ಎಂಬುದು ಅಜ್ಜಿ ತಾನಾಗಿ ಸೇರಿಸಿದ ನಿಯಮ. ಹೀಗಾಗಿ ಯಾರಿಗೆ ಯಾರ ಮೇಲೆ ಏನು ಸಿಟ್ಟಿದ್ದರೂ ನಾನು ಶಾಲೆಯಿಂದ ಬಂದು ಯೂನಿಫಾರ್ಮ್ ಕಳಚಿದಲ್ಲಿಂದ ತಟ್ಟೆ ಹಾಕುವವರೆಗಿನ ಗಂಟೆ, ಗಂಟೆಕಾಲಿನೊಳಗೆ ಹೇಳಿ ಮುಗಿಸಬೇಕಿತ್ತು. ಜಾಗವೂ ಒಂದೇ, ಅಡುಗೆಮನೆಗೂ ಕಾಫಿ ಒಣಗಿಸುವ ಕಣಕ್ಕೂ ನಡುವಿನ ಹಿಂದಿನ ಜಗಲಿ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಮಣೆಯ ಮೇಲೆ ಕೂತಿರುತ್ತಿದ್ದಳು, ಅವ್ವ ಒಲೆಗೂ ಜಗಲಿಗೂ ಓಡಾಡುತ್ತಾ ಎರಡೂ ಕಡೆಯವರಿಗೆ ಒಂದೊಂದು ಮಾತು ಒದಗಿಸುತ್ತಿದ್ದಳು, ನಾನು ಕಂಬಕ್ಕೆ ಒರಗಿ ನಿಂತಿರುತ್ತಿದ್ದೆ. ಕೂತು ವಾದಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಈಗ ನಾನು ಕಾಲೇಜು ಮಕ್ಕಳಿಗೆ ಚರ್ಚಾಸ್ಪರ್ಧೆಗೆ ತರಬೇತಿ ಕೊಡುತ್ತೇನೆ. ನಿಮಗೆ ಯಾರು ಕಲಿಸಿದರು ಎಂದು ಅವರು ಕೇಳಿದರೆ ನನ್ನ ಹೈಸ್ಕೂಲಿನ ಮಲಯಾಳ ಟೀಚರ ಹೆಸರು ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಗಡಿಯಾರ ನೋಡಿಕೊಂಡು ಮಾತು ಕಟ್ಟುವುದನ್ನು ನಾನು ಕಲಿತದ್ದು ಅನ್ನ ಬೇಯುವಷ್ಟರಲ್ಲಿ ಗೆಲ್ಲಬೇಕಾಗಿದ್ದ ಆ ಜಗಲಿಯಲ್ಲಿ.

ನನಗೆ ಒಂದು ಊನವಿತ್ತು, ಈಗಲೂ ಇದೆ. ಸಿಟ್ಟು ಬಂದರೆ ಕಣ್ಣಲ್ಲಿ ನೀರು ಬರುತ್ತದೆ. ದುಃಖಕ್ಕೆ ಬರುವುದಿಲ್ಲ, ಅದೇ ವಿಚಿತ್ರ. ತಾತ ತೀರಿಹೋದಾಗ ಇಡೀ ಮನೆ ಅತ್ತಿತು, ನಾನು ಬಂದವರಿಗೆಲ್ಲ ನೀರು ಕೊಡುತ್ತಾ ಓಡಾಡಿದೆ. ಆದರೆ ಎದುರಿಗಿರುವವನು ತಪ್ಪು ಲೆಕ್ಕ ಹೇಳಿ ಗೆದ್ದವನ ಹಾಗೆ ನಕ್ಕರೆ ಮುಗಿಯಿತು, ದನಿ ನೆಟ್ಟಗಿರುತ್ತದೆ, ತರ್ಕ ನೆಟ್ಟಗಿರುತ್ತದೆ, ಕಣ್ಣು ಮಾತ್ರ ಸೋರುತ್ತದೆ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಗಮನಿಸುತ್ತಿರಲಿಲ್ಲ. ಒಂಬತ್ತನೆಯ ಕ್ಲಾಸಿನಲ್ಲಿ ಮೊದಲ ಸಲ ಹೊರಗಿನ ಸ್ಪರ್ಧೆಗೆ ಹೋದಾಗ ಹೊರಗಿನವರಿಗೂ ಗೊತ್ತಾಯಿತು. ಕಾಡಿನ ರಸ್ತೆಯಲ್ಲಿ ರಾತ್ರಿ ವಾಹನ ಓಡಾಡಬಹುದೇ ಎಂಬುದು ವಿಷಯ. ಅವತ್ತು ಅಜ್ಜಿ ತಾನೇ ಮಾಡಿದ ಕಾಡಿಗೆ ಹಚ್ಚಿ ಕಳಿಸಿದ್ದಳು. ಹರಳೆಣ್ಣೆಯ ದೀಪಕ್ಕೆ ಕಂಚಿನ ತಟ್ಟೆ ಕವುಚಿ ಹಿಡಿದ ಮಸಿಗೆ ತುಪ್ಪ ಕಲಸಿದ್ದು. ಎದುರಾಳಿ ನಡುವೆ ಬಾಯಿ ಹಾಕಿದ, ನನಗೆ ಸಿಟ್ಟು ಬಂತು, ನೀರು ಬಂತು, ಕೈ ತಾನಾಗಿ ಕಣ್ಣಿಗೆ ಹೋಯಿತು. ಆಮೇಲೆ ಕೈಯಿಂದ ಕೆನ್ನೆಗೆ, ಕೆನ್ನೆಯಿಂದ ಬಿಳಿ ಕಾಲರಿಗೆ. ತೀರ್ಪುಗಾರರು ಬಹಳ ಒಳ್ಳೆಯ ಮನುಷ್ಯ. ಗಂಟೆ ಒತ್ತಿ ನನ್ನನ್ನು ನಿಲ್ಲಿಸಿದರು.

"ಕರಯಂಡ ಮೋಳೇ. ಕುರಚ್ಚ್ ವೆಳ್ಳಂ ಕುಡಿಕ್ಕ್."

ಅಳಬೇಡ ಮಗಳೇ, ಸ್ವಲ್ಪ ನೀರು ಕುಡಿ. ಅಷ್ಟೇ ಹೇಳಿದ್ದು. ಸಭೆಯಲ್ಲಿ ಇದ್ದವರೆಲ್ಲ ಅಯ್ಯೋ ಪಾಪ ಎಂಬ ಒಂದು ಸದ್ದು ಮಾಡಿದರು. ಬೈದಿದ್ದರೆ ತಡೆಯುತ್ತಿದ್ದೆ. ಪಾಪ ಎಂದ ಮೇಲೆ ನಾನು ಹೇಳಿದ ಯಾವ ವಾದವೂ ವಾದವಾಗಿ ಯಾರ ಕಿವಿಗೂ ಬೀಳಲಿಲ್ಲ. ನಾನು ಸೋತದ್ದು ಎದುರಾಳಿಗಲ್ಲ, ಎರಡು ಕಪ್ಪು ಗೆರೆಗಳಿಗೆ. ಹಿಂದಿನ ಬೆಂಚಿನಲ್ಲಿದ್ದ ಅಪ್ಪ ನೋಡಲಾರದೆ ಹೊರಗೆ ಹೋಗಿ ನಿಂತಿದ್ದ. ಮನೆಗೆ ಬಂದು ಅವ್ವನ ಹತ್ತಿರ, ಇವಳು ಓದಲಿ, ಎಷ್ಟು ಬೇಕಾದರೂ ಓದಲಿ, ಆದರೆ ನಾಲ್ಕು ಜನರ ಮುಂದೆ ನಿಂತು ಅಳುವ ಈ ಸ್ಪರ್ಧೆ ಬೇಡ ಎಂದ. ಅಪ್ಪನದು ಕೋಪವಾಗಿರಲಿಲ್ಲ, ಸಂಕಟ. ಸಂಕಟದಿಂದ ಹುಟ್ಟಿದ ತೀರ್ಮಾನವನ್ನು ಅಲ್ಲಾಡಿಸುವುದು ಎಷ್ಟು ಕಷ್ಟ ಎಂಬುದನ್ನು ಆ ವಾರವೇ ಕಲಿತೆ. ಐದು ಸಂಜೆ ವಾದಿಸಿದೆ. ಆರನೆಯ ಸಂಜೆ ಅಪ್ಪ ಸೋತು, ಪ್ಲಸ್ ಒನ್ನಿಗೆ, ಅಂದರೆ ಹನ್ನೊಂದನೆಯ ಕ್ಲಾಸಿಗೆ, ಬಂದ ಮೇಲೆ ಇನ್ನೊಂದೇ ಒಂದು ಸಲ, ಆಗಲೂ ಹೀಗೇ ಆದರೆ ಮತ್ತೆ ಕೇಳಬಾರದು ಎಂದ. ಒಪ್ಪಿಕೊಂಡೆ.

ಹಾಗಾದರೆ ಕಣ್ಣಿಗೆ ಏನೂ ಹಚ್ಚದೆ ಹೋದರಾಯಿತಲ್ಲ ಎಂದು ನೀವು ಕೇಳಬಹುದು. ಅವ್ವ ಅದನ್ನೇ ಕೇಳಿದಳು, ದಿನಕ್ಕೆ ಎರಡು ಸಲದಂತೆ. ನನ್ನ ಬಳಿ ಏಳು ಉತ್ತರಗಳಿದ್ದವು. ನನ್ನ ರೆಪ್ಪೆಗೂದಲು ಒಣಹುಲ್ಲಿನ ಬಣ್ಣದ್ದು, ದೂರಕ್ಕೆ ಕಣ್ಣೇ ಇಲ್ಲದ ಹಾಗೆ ಕಾಣುತ್ತೇನೆ, ಕಣ್ಣಿನ ಮಾತು ಸಭೆಗೆ ಮುಟ್ಟುವುದಿಲ್ಲ, ಹೀಗೆ. ಏಳೂ ಚೆನ್ನಾಗಿದ್ದವು, ಏಳನ್ನೂ ನಾನು ಬರೆದಿಟ್ಟುಕೊಂಡಿದ್ದೆ. ಅಂತೂ ಪ್ಲಸ್ ಒನ್ ಸೇರಿದ ಮೊದಲ ತಿಂಗಳೇ ಮಾನಂದವಾಡಿಯ ಬಸ್‌ಸ್ಟ್ಯಾಂಡಿನ ಹಿಂದಿದ್ದ ಫ್ಯಾನ್ಸಿ ಅಂಗಡಿಯಿಂದ ರೆಪ್ಪೆಗೆ ಹಚ್ಚುವ ಮಸ್ಕಾರ ಒಂದನ್ನು ತಂದೆ. ನೀರಿಗೆ ಜಗ್ಗುವುದಿಲ್ಲ ಎಂದು ಅದರ ಮೇಲೆಯೇ ಬರೆದಿತ್ತು. ಬರೆದಿದೆ ಎಂದು ನಂಬುವವಳಲ್ಲ ನಾನು. ಅಂಗಡಿಯಲ್ಲೇ ಮುಂಗೈಗೆ ಒಂದು ಗೆರೆ ಎಳೆಸಿಕೊಂಡು, ಒಣಗಲು ಬಿಟ್ಟು, ನೀರಿನ ಬಾಟಲಿ ಬಗ್ಗಿಸಿ, ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದೆ. ಗೆರೆ ಕದಲಲಿಲ್ಲ. ಪರೀಕ್ಷೆ ಮಾಡಿಯೇ ತಂದಿದ್ದೇನೆ ಎಂಬ ಜಂಬದಲ್ಲಿ ಮನೆಗೆ ಬಂದೆ.

ಮನೆಯಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ನಮ್ಮಲ್ಲಿ ಹೊರಗಿನಿಂದ ಯಾವ ಪೊಟ್ಟಣ ಬಂದರೂ, ಬಿಸ್ಕತ್ತಾಗಲಿ ಹಲ್ಲಿನ ಪೇಸ್ಟಾಗಲಿ, ಅದರ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ ಅಜ್ಜಿಗೆ ಹೇಳಬೇಕಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದು. ಮೊಟ್ಟೆ, ಎಲುಬಿನ ಅಂಟು, ಜೇನು, ಈ ಮೂರರಲ್ಲಿ ಒಂದು ಬಂದರೂ ಪೊಟ್ಟಣ ಪಕ್ಕದ ಮನೆಗೆ. ಸುತ್ತ ಕಾಡುಜೇನು ಮಾರುವ ಊರಿನಲ್ಲಿದ್ದು ಜೇನಿನ ಒಂದು ಹನಿ ನಮ್ಮ ಅಡುಗೆಮನೆಗೆ ಬಂದದ್ದಿಲ್ಲ. ಹುಳ ಕಟ್ಟಿಕೊಂಡ ಮನೆ ಒಡೆದು ತಂದದ್ದು ನಮಗೆ ಬೇಡ ಎನ್ನುತ್ತಿದ್ದಳು ಅಜ್ಜಿ. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಹನ್ನೊಂದನೆಯ ವಯಸ್ಸಿಗೇ ಇರಲಿಲ್ಲ. ಸೋಸಿದ ನೀರಿನಲ್ಲೂ ಜೀವಗಳಿವೆ ಎಂದು ಸೂಕ್ಷ್ಮದರ್ಶಕದ ಪಾಠ ತೆರೆದು ತೋರಿಸಿದ್ದೆ. ಅದಕ್ಕೆ ಅಜ್ಜಿ, ಇರಲಿ, ನನ್ನ ಕಣ್ಣಿಗೆ ಕಾಣೋವಷ್ಟಾದ್ರೂ ಉಳೀಲಿ ಎಂದಿದ್ದಳು. ಅಂಥ ಅಜ್ಜಿಯ ಮುಂದೆ ಆ ಡಬ್ಬಿಯ ಬೆನ್ನು ಓದುತ್ತಾ ಬಂದೆ. ನಾಲ್ಕನೆಯ ಹೆಸರು ಜೇನುಮೇಣ. ಲ್ಯಾಟಿನ್ನಿನಲ್ಲಿತ್ತು. ನನಗೆ ಅರ್ಥ ಗೊತ್ತಿತ್ತು, ಬಸ್ಸಿನಲ್ಲೇ ಫೋನಿನಲ್ಲಿ ಹುಡುಕಿದ್ದೆ. ಮೂರನೆಯದರಿಂದ ನೇರ ಐದನೆಯದಕ್ಕೆ ಹಾರಿದೆ. ಅಜ್ಜಿ ತಲೆಯಾಡಿಸಿ ಮೊರ ಎತ್ತಿಕೊಂಡಳು. ತಿನ್ನುವ ವಸ್ತುವಲ್ಲ, ಅಜ್ಜಿ ಕೇಳಲಿಲ್ಲ, ನಾನು ಹೇಳಲಿಲ್ಲ ಎಂದು ನನಗೆ ನಾನೇ ವಾದಿಸಿಕೊಂಡೆ. ನನ್ನ ವಿದ್ಯಾರ್ಥಿ ಯಾರಾದರೂ ಇಂಥ ವಾದ ತಂದರೆ ಈಗ ನಾನು ಅದನ್ನು ಎರಡು ನಿಮಿಷದಲ್ಲಿ ಬಿಚ್ಚಿ ಹಾಕುತ್ತೇನೆ.

ಮರುದಿನ ಶಾಲೆಗೆ ಹಚ್ಚಿಕೊಂಡು ಹೋದೆ. ಅವತ್ತು ಯಾರ ಮೇಲೂ ಸಿಟ್ಟಾಗಲಿಲ್ಲ, ಒಂದು ಹನಿಯೂ ಬರಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಗೆಳತಿ ಕನ್ನಡಿ ಹಿಡಿದು ತೋರಿಸಿದಾಗ ಎರಡೂ ಕಣ್ಣಿನ ಕೆಳಗೆ ಬೆರಳಗಲ ಕಪ್ಪು ಇಳಿದಿತ್ತು. ಅರ್ಥವಾಗಲಿಲ್ಲ. ಸಂಜೆ ಬಂದು ನೋಡಿದರೆ ಕಾರಣ ನನ್ನ ಮುಖದ ಮೇಲೆಯೇ ಇತ್ತು, ಕೊಬ್ಬರಿ ಎಣ್ಣೆ. ದಿನಾ ಬೆಳಿಗ್ಗೆ ಅಜ್ಜಿ ನನ್ನ ತಲೆಗೆ ಎಣ್ಣೆ ತಟ್ಟಿ, ಅಂಗೈಯಲ್ಲಿ ಉಳಿದದ್ದನ್ನು ಹಣೆ, ಕೆನ್ನೆ, ಕಣ್ಣಿನ ಸುತ್ತ ಸವರಿಯೇ ಕೈಬಿಡುತ್ತಿದ್ದಳು. ಹುಟ್ಟಿದಾಗಿನಿಂದ ನಡೆದದ್ದು, ಎಣ್ಣೆ ಹಚ್ಚಿದ್ದಾರೆ ಎಂಬುದೇ ನನ್ನ ಲೆಕ್ಕದಲ್ಲಿರಲಿಲ್ಲ. ನೀರಿಗೆ ಜಗ್ಗದ ಮೇಣ ಎಣ್ಣೆಗೆ ಕರಗುತ್ತದೆ. ನಾನು ನೀರಿನ ಪರೀಕ್ಷೆ ಮಾಡಿದ್ದೆ, ಎಣ್ಣೆಯ ಪರೀಕ್ಷೆ ಮಾಡಿರಲಿಲ್ಲ. ಎಣ್ಣೆಯಿಂದಲೇ ಹೀಗಾಯಿತು ಎಂದು ಅಜ್ಜಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅಜ್ಜಿ ಮೊರ ಕೆಳಗಿಟ್ಟಳು. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

"ಹಂಗಾರೆ ನಾಳೆಯಿಂದ ಮುಖಕ್ಕೆ ಬೇಡ ಮಗಾ. ತಲೆಗಷ್ಟೇ ಹಚ್ತೀನಿ. ನಿನ್ನ ಮಾತು ನಿಲ್ಲೋದಕ್ಕೆ ನನ್ನ ಕೈ ಕಾರಣ ಆಗೋದು ಬೇಡ."

ಇಷ್ಟು ಸುಲಭವಾಗಿ ಅಜ್ಜಿ ಯಾವತ್ತೂ ಸೋತದ್ದಿಲ್ಲ. ಹದಿನಾರು ವರ್ಷ ತಪ್ಪದ ಒಂದು ರೂಢಿಯನ್ನು ನನ್ನ ಮಾತು ನಂಬಿ ಬಿಟ್ಟುಕೊಟ್ಟಳು. ಆದರೆ ಹಿಂದಿನ ದಿನ ನಾನು ಓದಿ ಹೇಳಿದ್ದರಲ್ಲಿ ಒಂದು ಪದ ಕಮ್ಮಿ ಇತ್ತು. ಒಳಗೆ ಹೋಗಿ ಡಬ್ಬಿ ತಂದೆ. ಮೊದಲಿನಿಂದ ಓದಿದೆ, ನಾಲ್ಕನೆಯದನ್ನು ಕನ್ನಡದಲ್ಲೇ ಹೇಳಿದೆ. ಅವ್ವ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಅಜ್ಜಿ ಮೊರ ಮತ್ತೆ ಎತ್ತಿಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಆಮೇಲೆ, ಒಂದು ಮಾತನ್ನು ನುಂಗೋವಷ್ಟು ಇದು ಯಾಕೆ ಬೇಕಾಯಿತು ಎಂದು ಕೇಳಿದಳು. ನಾನು ಕಂಬಕ್ಕೆ ಒರಗಿ ಏಳು ಕಾರಣಗಳಲ್ಲಿ ಮೊದಲನೆಯದನ್ನು ಶುರು ಮಾಡಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಅಜ್ಜಿ ಕೈ ಎತ್ತಿದಳು.

"ಇದೆಲ್ಲಾ ಆ ಜಡ್ಜಿಗೆ ಹೇಳು. ನಂಗೆ ಬೇರೆ ಹೇಳು."

"ನಂಗೆ ಚಂದ ಕಾಣ್ಬೇಕು ಅಜ್ಜಿ."

"ಹಾಂ. ಅಷ್ಟೇ ತಾನೇ. ಪಿನ್ನೆ, ಮತ್ತೆ ಅದಕ್ಕೆ ಯಾಕೆ ಇಷ್ಟು ಸುತ್ತು?"

ಬರೆದಿಟ್ಟುಕೊಂಡಿದ್ದ ಏಳರಲ್ಲಿ ಇದು ಇರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಚಂದ ಕಾಣುವ ಆಸೆ ವಾದಕ್ಕೆ ನಿಲ್ಲುವುದಿಲ್ಲ ಎಂದುಕೊಂಡು ನಾನೇ ಅದನ್ನು ಬಚ್ಚಿಟ್ಟಿದ್ದೆ. ಬುದ್ಧಿವಂತೆ ಎನ್ನಿಸಿಕೊಂಡವಳು ರೆಪ್ಪೆಯ ಬಗ್ಗೆ ಯೋಚಿಸಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಎಲ್ಲಿಂದಲೋ ಹೆಕ್ಕಿಕೊಂಡಿದ್ದೆ. ದೇವರನ್ನೇ ಪ್ರಶ್ನೆ ಮಾಡಿದವಳು ಅದೊಂದನ್ನು ಪ್ರಶ್ನೆ ಮಾಡದೆ ನುಂಗಿದ್ದೆ. ಅಜ್ಜಿ ಜೇನುಮೇಣದ ವಿಷಯದಲ್ಲಿ ಮಾತ್ರ ಒಂದಿಂಚೂ ಸಡಿಲಿಸಲಿಲ್ಲ. ಆ ಡಬ್ಬಿ ಮನೆಯಲ್ಲಿ ಇರಬಾರದು. ಅದಿಲ್ಲದ್ದು ಲೋಕದಲ್ಲಿ ಇರದೇ ಇರುತ್ತದೆಯೇ, ಹುಡುಕು ಎಂದಳು. ಮತ್ತೆ ನಾನು ಪದ ಹಾರಿಸುತ್ತೇನೋ ಎಂಬ ಅನುಮಾನಕ್ಕೋ, ಕುತೂಹಲಕ್ಕೋ ತಿಳಿಯದು, ಮುಂದಿನ ಶನಿವಾರ ತಾನೇ ಹೊರಟು ನಿಂತಳು.

ಮಾನಂದವಾಡಿಯ ಆ ಫ್ಯಾನ್ಸಿ ಅಂಗಡಿ ಬಳೆ, ಕ್ಲಿಪ್ಪು, ಲಿಪ್‌ಸ್ಟಿಕ್ಕು ತುಂಬಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ್ದು. ಅಜ್ಜಿ ಅದರ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬಸದಿಗೆ ಉಡುವ ಸೀರೆಯಲ್ಲಿ ಕೂತಳು. ಅಂಗಡಿಯ ಶಬ್ನ ಚೇಚಿ, ಅಂದರೆ ಶಬ್ನ ಅಕ್ಕ, ಒಂದೊಂದೇ ಮಸ್ಕಾರ ತೆಗೆದುಕೊಟ್ಟರು, ನಾನು ಒಂದೊಂದರ ಬೆನ್ನೂ ಓದಿದೆ, ಒಂದೂ ಪದ ಬಿಡದೆ. ಜೇನುಮೇಣ. ಜೇನುಮೇಣ. ಯಾವುದೋ ಕೆಂಪು ಹುಳದ ಬಣ್ಣ. ಮತ್ತೆ ಜೇನುಮೇಣ. ಬಳೆ ಕೊಳ್ಳಲು ಬಂದ ಹೆಂಗಸರು ಬಳೆ ಬಿಟ್ಟು ಕೇಳುತ್ತಾ ನಿಂತರು. ಏಳೋ ಎಂಟೋ ಆದ ಮೇಲೆ ಶಬ್ನ ಚೇಚಿ ಕೆಳಗಿನ ಡ್ರಾಯರಿನಿಂದ ಧೂಳು ಹಿಡಿದ ಒಂದನ್ನು ತೆಗೆದರು. ಇದು ಯಾರಿಗೂ ಬೇಡ ಎಂದರು. ತೊಳೆಯುವಾಗ ಸಣ್ಣ ಸಣ್ಣ ಎಳೆಯಾಗಿ ಕೈಗೆ ಬರುತ್ತದೆ, ರೆಪ್ಪೆಗೂದಲೇ ಉದುರಿತು ಎಂದು ಹೆದರಿ ಕೊಂಡವರು ವಾಪಸ್ ತರುತ್ತಾರೆ ಎಂದು ನಕ್ಕರು. ಓದಿದೆ. ಮೇಣ ಇತ್ತು, ಆದರೆ ತಾಳೆಯಂಥ ಒಂದು ಮರದ ಎಲೆಯದು. ಜೇನು ಇಲ್ಲ, ಹುಳ ಇಲ್ಲ. ಪ್ರತಿ ಕೂದಲಿಗೂ ಇದು ತೆಳುವಾದ ಒಂದು ಒರೆ ತೊಡಿಸಿದ ಹಾಗೆ ಕೂರುತ್ತದೆ, ಆದ್ದರಿಂದ ಹರಡುವುದಿಲ್ಲ ಎಂದು ಚೇಚಿ ವಿವರಿಸಿದರು. ಅಜ್ಜಿ ತನ್ನ ಜಡೆಯ ಬುಡಕ್ಕೆ ಬೆರಳಾಡಿಸಿ, ಎಣ್ಣೆ ಹತ್ತಿದ ಆ ಬೆರಳಿನಿಂದ ಚೇಚಿ ನನ್ನ ಮುಂಗೈಗೆ ಎಳೆದು ಒಣಗಿಸಿದ್ದ ಗೆರೆಯನ್ನು ತಿಕ್ಕಿದಳು. ಗೆರೆ ನಿಂತಿತು. ಇನ್ನೊಂದು ಸಲ ತಿಕ್ಕಿದಳು. ನಿಂತಿತು. ಹಾಗಾದರೆ ಇದು ಯಾವುದಕ್ಕೆ ಹೋಗುತ್ತದೆ ಎಂದು ಕೇಳಿದಳು. ಬೆಚ್ಚಗಿನ ನೀರಿಗೆ ಎಂದರು ಚೇಚಿ.

"ಬೆಚ್ಚಗಿನ ನೀರಿಗೆ ಹೋಗ್ತದೆ ಅಂದ್ರೆ, ಕಣ್ಣೀರು ತಣ್ಣಗಿರ್ತದಾ?"

ಇದನ್ನು ನಾನು ಮಲಯಾಳಕ್ಕೆ ತಿರುಗಿಸಬೇಕಾದ ಅಗತ್ಯವೇ ಬೀಳಲಿಲ್ಲ, ಚೇಚಿಗೆ ಅರ್ಥವಾಗಿಹೋಯಿತು. ಅವರು ಡಬ್ಬಿಯನ್ನು ಕಟ್ಟಿಕೊಟ್ಟು, ಹಚ್ಚಿ ನೋಡಿ ಎಂದರು. ಚರ್ಚೆಯ ತರಬೇತಿ ಪಡೆದವಳು ನಾನು, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಉತ್ತರ ಮನೆಯಲ್ಲೇ ಸಿಗಬೇಕಿತ್ತು. ಹಚ್ಚಿಕೊಂಡು ಅಳಬೇಕು, ಆಗ ತಿಳಿಯುತ್ತದೆ. ಬೇರೆ ಮನೆಯಾದರೆ ಎರಡು ಈರುಳ್ಳಿ ಹೆಚ್ಚಿದರೆ ಮುಗಿಯುತ್ತಿತ್ತು. ನಮ್ಮ ಮನೆಗೆ ಈರುಳ್ಳಿ ಬರುವುದಿಲ್ಲ. ಒಲೆಯ ಹೊಗೆಗೆ ಮುಖ ಒಡ್ಡಿದೆ, ಕೆಮ್ಮು ಬಂತು. ಮೆಣಸಿನ ಘಾಟಿಗೆ ಸೀನು ಬಂತು. ಸಂಜೆಯ ಬೆಳಕು ಕಣದಲ್ಲಿ ಓರೆಯಾಗಿ ಬಿದ್ದಿತ್ತು, ಊಟಕ್ಕೆ ಇನ್ನು ಅರ್ಧ ಗಂಟೆ ಇರಬಹುದು. ನಾನು ಸೋತು ಕಂಬಕ್ಕೆ ಒರಗಿ ನಿಂತೆ. ಅಜ್ಜಿ ಮೊರದಿಂದ ತಲೆ ಎತ್ತದೆ ಮಾತು ಶುರು ಮಾಡಿದಳು.

"ನಿಮ್ಮಪ್ಪ ಹೇಳಿದ್ದೇ ಶರಿ, ಪದ್ದು. ಆವತ್ತೇ ನಿಲ್ಲಿಸ್ಬೇಕಿತ್ತು."

ಏನಂದೆ ಅಜ್ಜಿ ಎಂದು ಕೇಳಿದೆ. ಆ ಜಡ್ಜು ಹೇಳಿದ್ದರಲ್ಲಿ ತಪ್ಪೇನು, ಅಳುವ ಹುಡುಗಿಗೆ ಅಳಬೇಡ ಎನ್ನದೆ ಇನ್ನೇನು ಹೇಳಬೇಕಿತ್ತು ಎಂದಳು. ನಾನು ಅಳಲಿಲ್ಲ ಎಂದು ನೂರನೆಯ ಸಲ ಹೇಳಿದೆ. ಅಳಲಿಲ್ಲ ಅಂತ ನೀನೊಬ್ಬಳು ಹೇಳುತ್ತೀಯ, ಅಳುತ್ತಿದ್ದಳು ಅಂತ ನೋಡಿದ ಇನ್ನೂರು ಜನ ಹೇಳುತ್ತಾರೆ, ಯಾರ ಮಾತು ನಿಲ್ಲಬೇಕು ಎಂದಳು. ಇನ್ನೂರು ಜನ ಹೇಳಿದ ಮಾತ್ರಕ್ಕೆ ನಿಜವಾಗುವುದಾದರೆ ಭೂಮಿ ಚಪ್ಪಟೆ ಎಂದೂ ಒಪ್ಪಬೇಕಾಗುತ್ತದೆ ಎಂದೆ. ಅಜ್ಜಿ ನಕ್ಕಳು. ಅದೇ ನಗು, ತಪ್ಪು ಲೆಕ್ಕ ಹೇಳಿ ಗೆದ್ದವರದು. ಎಲ್ಲಿಂದ ಕಲಿತಿದ್ದಳೋ.

"ಭೂಮಿ ಬಿಡು. ನಿಂಗೆ ಎರಡು ಬಯ್ಗುಳ ತಡೆಯೋಕಾಗಲ್ಲ, ಊರಿಗೆ ನ್ಯಾಯ ಹೇಳೋಕೆ ಹೊರಟೆ. ಹೋಗಿ ಅವ್ವಂಗೆ ಕಾಯಿ ತುರಿದು ಕೊಡು."

ಅಷ್ಟು ಸಾಕಾಯಿತು. ಎರಡೂ ಕಣ್ಣು ತುಂಬಿ ಹರಿದವು. ನಾನು ಇನ್ನೂ ಉತ್ತರ ಕಟ್ಟುತ್ತಲೇ ಇದ್ದೆ, ಅಜ್ಜಿ ಮೊರ ಬದಿಗಿಟ್ಟು ಮೊಣಕಾಲು ಹಿಡಿದು ಎದ್ದು ಬಂದು, ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗಣ್ಣು ನೋಡಿದಳು, ಬಲಗಣ್ಣು ನೋಡಿದಳು. ಅವ್ವನನ್ನು ಕರೆದಳು. ಅವ್ವ ಕೈಯಲ್ಲಿ ಸೌಟು ಹಿಡಿದೇ ಬಂದು ನೋಡಿದಳು. ಕೆನ್ನೆ ಒದ್ದೆ, ಕಪ್ಪು ಎಲ್ಲಿದ್ದದ್ದು ಅಲ್ಲೇ.

"ಹರಡ್ಲಿಲ್ಲ," ಎಂದಳು ಅಜ್ಜಿ, ಹದ ನೋಡಿ ಪಾತ್ರೆ ಇಳಿಸುವವಳ ದನಿಯಲ್ಲಿ. "ಆದ್ರೆ ನೀನು ಕೈ ಕಣ್ಣಿಗೆ ತಗೊಂಡು ಹೋಗ್ತಾ ಇದ್ದೆ. ಅದು ಬೇಡ. ಬಂದ್ರೆ ಬರ್ಲಿ. ಹಂಗೇ ಮಾತಾಡು."

ನಾನು ಎಷ್ಟೋ ಜನ ವಾದ ಮಾಡುವುದನ್ನು ಕೇಳಿದ್ದೇನೆ. ತನಗೆ ಎಳ್ಳಷ್ಟೂ ಒಪ್ಪಿಗೆಯಿಲ್ಲದ ಪಕ್ಷವನ್ನು ಅಷ್ಟು ಶಾಂತವಾಗಿ, ಅಷ್ಟು ಗುರಿಯಿಟ್ಟು ಹಿಡಿದು ನಿಂತವರನ್ನು ಆ ಜಗಲಿಯ ಆಚೆ ನಾನು ಕಂಡಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಅವಳು ನನ್ನ ಅಜ್ಜಿ, ಶಾಲೆಗೆ ನಾಲ್ಕು ವರ್ಷ ಹೋದವಳು.

ಸ್ಪರ್ಧೆಯ ಫಲವನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಬಂದದ್ದು ಎರಡನೆಯ ಸ್ಥಾನ, ಮತ್ತು ಮುಂದಿನ ಸ್ಪರ್ಧೆ ಯಾವಾಗ ಎಂದು ನಮ್ಮ ಟೀಚರ ಹತ್ತಿರ ಕೇಳಿದ್ದು ಅಪ್ಪ. ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸಬೇಕೇ ಎಂಬುದು ಅವತ್ತಿನ ವಿಷಯ, ಬೇಕು ಎನ್ನುವ ಪಕ್ಷ ನನ್ನದು. ಅಜ್ಜಿ, ಅವ್ವ, ಅಪ್ಪ ಮೂವರೂ ಮೂರನೆಯ ಸಾಲಿನಲ್ಲಿದ್ದರು. ಎಲ್ಲ ಚೆನ್ನಾಗಿ ನಡೆದಿತ್ತು. ಕೊನೆಯ ಸುತ್ತಿನಲ್ಲಿ ಎದುರಾಳಿ, ಮನೆಯಲ್ಲಿ ಮಲಯಾಳ ಮಾತಾಡದವರು ಮೊದಲು ಮಲಯಾಳ ಕಲಿತು ಬರಲಿ, ಆಮೇಲೆ ಮನೆಮಾತಿನ ವಿಷಯ ಎತ್ತಲಿ ಎಂದು ನನ್ನ ಕಡೆ ತಿರುಗಿ ನಕ್ಕ. ಸಭೆಯೂ ಸ್ವಲ್ಪ ನಕ್ಕಿತು. ಅಷ್ಟು ಹೊತ್ತು ಅವನಿಗಿಂತ ಒಳ್ಳೆಯ ಮಲಯಾಳದಲ್ಲಿ ಮಾತಾಡಿದ್ದ ನನ್ನ ಕಣ್ಣು ತುಂಬಿ ಬಂತು. ಕೈಗಳನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದೆ. ನೀರು ತನ್ನಷ್ಟಕ್ಕೆ ಹರಿಯಿತು, ನಾನು ನನ್ನಷ್ಟಕ್ಕೆ ಮಾತಾಡಿದೆ. ಕಣ್ಣು ಕಪ್ಪಾಗಿ, ನೆಟ್ಟಗೆ, ನನಗೆ ಬೇಕಾದ ಹಾಗೇ ಇತ್ತು. ಆದರೆ ಒಂದು ಸಂಗತಿಯನ್ನು ನಾನು ಲೆಕ್ಕಕ್ಕೆ ತಂದಿರಲಿಲ್ಲ. ಮಸ್ಕಾರ ಹರಡದಿದ್ದರೂ ಕಣ್ಣೀರು ಕಾಣುತ್ತದೆ. ಕಾಣದಂತೆ ಮಾಡುವ ವಸ್ತು ಯಾವ ಡ್ರಾಯರಿನಲ್ಲೂ ಇಲ್ಲ. ತೀರ್ಪುಗಾರರ ಸಾಲಿನ ಮಧ್ಯದಲ್ಲಿದ್ದ, ಬೇರೆ ಶಾಲೆಯ ಟೀಚರೊಬ್ಬರು ಗಂಟೆ ಒತ್ತಿದರು, ಸಾಕಷ್ಟು ಮಮತೆಯಿಂದ, ನೀರು ಬೇಕೇನಮ್ಮಾ ಎಂದರು. ಒಬ್ಬರು ಲೋಟ ಹುಡುಕಲು ಹೋದರು. ಸಭೆಯಲ್ಲಿ ಆ ಹಳೆಯ ಸದ್ದು ಹೊರಡುವುದು ಕೇಳಿಸಿತು. ಅಜ್ಜಿಯ ಪಕ್ಕದಲ್ಲಿದ್ದ ಹೆಂಗಸು, ಪಾವಂ, ಪಾಪ, ಹುಡುಗಿ ಅಳುತ್ತಿದ್ದಾಳೆ ಎಂದರಂತೆ. ಅಜ್ಜಿ ಅವರಿಗೆ ಹೇಳಿದ್ದು ವೇದಿಕೆಗೇ ಕೇಳಿಸಿತು, ಅಜ್ಜಿಗೆ ಗೊತ್ತಿದ್ದಷ್ಟು ಮಲಯಾಳದಲ್ಲಿ. ಅಳುತ್ತಿಲ್ಲ, ವಾದಿಸುತ್ತಿದ್ದಾಳೆ, ಸುಮ್ಮನೆ ಕೇಳಿ ಎಂದಿದ್ದಳು.

ನಾನು ಲೋಟ ತೆಗೆದುಕೊಳ್ಳಲಿಲ್ಲ.

"ಟೀಚರ್, ನಾನು ಅಳ್ತಾ ಇಲ್ಲ. ಸಿಟ್ಟು ಬಂದಾಗ ನನ್ನ ಕಣ್ಣು ಹೀಗೇ. ನೀವು ಗಂಟೆ ಒತ್ತಿದ ಮೇಲೂ ಗಡಿಯಾರ ಓಡ್ತಾ ಇದೆ. ನನ್ನ ನಲವತ್ತು ಸೆಕೆಂಡು ಹೋಯ್ತು, ಅದನ್ನ ವಾಪಸ್ ಕೊಡಿ."

ಇದನ್ನೂ ಮಲಯಾಳದಲ್ಲೇ ಹೇಳಿದೆ, ಎದುರಾಳಿಗೂ ಅರ್ಥವಾಗಲಿ ಎಂದು. ಸಭೆಯ ಸದ್ದು ನಿಂತಿತು. ತೀರ್ಪುಗಾರರು ಮೂವರೂ ತಲೆ ಹತ್ತಿರ ತಂದು ಮಾತಾಡಿಕೊಂಡರು. ಹೊತ್ತು ಅಳೆಯುತ್ತಿದ್ದ ಮೇಷ್ಟ್ರು ತಮ್ಮ ಫೋನನ್ನು ಎರಡು ಸಲ ನೋಡಿಕೊಂಡು, ನಲವತ್ತು ಆಗಿಲ್ಲ, ಮೂವತ್ತು ಕೊಡಬಹುದು ಎಂದರು. ನಾನು ಮುಖ ಒರೆಸಿಕೊಳ್ಳದೆ ಮೈಕಿನ ಹತ್ತಿರ ಒಂದು ಹೆಜ್ಜೆ ಮುಂದೆ ಬಂದೆ.

ಮೂವತ್ತು ಸಾಕಾಯಿತು.